ಮುನಿಯಾಂಡಿ ಮನೆಯ ಮೂರು ಪೈನ್ ಮರ

ಆ ಬೆಳಿಗ್ಗೆ ಮರದ ಬುಡದಲ್ಲಿ ನಾವು ಐದು ಜನ ಇದ್ದೆವು. ನಾನು, ಸಲಕರಣೆಯ ಚೀಲ ಹೊತ್ತ ನಮ್ಮ ಕೇಂದ್ರದ ಸಹಾಯಕ ಪಾಕ್ ಸಮದ್, ಆ ಮನೆಯ ಯಜಮಾನರಾದ ಮುನಿಯಾಂಡಿ, ಅವರ ಹೆಂಡತಿ ಲೆಚ್ಚುಮಿ, ಮತ್ತೆ ಜಮೀನು ಕಚೇರಿಯಿಂದ ಬಂದಿದ್ದ ಒಬ್ಬ ಅಧಿಕಾರಿ. ಗುಡ್ಡದ ಮೇಲಿನ ಟೀ ತೋಟ ಅದು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಲೆಚ್ಚುಮಿಯಮ್ಮ ಐದು ಲೋಟದಲ್ಲಿ ಹಾಲಿಲ್ಲದ ಚಹಾ ತಂದು, ಮೊದಲ ಲೋಟವನ್ನು ಅಧಿಕಾರಿಗೇ ಕೊಟ್ಟರು. ಅಧಿಕಾರಿ ಕೆಟ್ಟವರೇನಲ್ಲ. ಚಹಾ ಕುಡಿದು, ಲೋಟವನ್ನು ತಾವೇ ಜಗಲಿಯ ಮೇಲಿಟ್ಟು, ನನ್ನನ್ನು ಕೇಳಿದರು.

"ಡಾಕ್ಟರ್, ಈ ಮರಕ್ಕೆ ವಯಸ್ಸೆಷ್ಟು? ಒಂದು ಸಂಖ್ಯೆ ಬರೆದುಕೊಡಿ, ಸಾಕು."

ಮರ ಲಾಬ್‌ಲಾಲಿ ಪೈನ್. ಸಾಲಾಗಿ ಮೂರು, ಮನೆಯ ಪಕ್ಕಕ್ಕೆ. ತೋಟವನ್ನು ಹೊಸ ಕಂಪನಿಯೊಂದು ಕೊಂಡಿತ್ತು. ಕೂಲಿ ಲೈನಿನ ಅಂಚಿನಲ್ಲಿದ್ದ ಮನೆಗಳನ್ನು ತೆಗೆಸಿ ಅಲ್ಲಿ ಹೋಟೆಲು ಕಟ್ಟುವವರಿದ್ದರು. ನಲವತ್ತು ವರ್ಷದ ಹಿಂದೆ ತೋಟ ಒಮ್ಮೆ ಕೈ ಬದಲಿಸಿತ್ತು, ಆ ವರ್ಷಕ್ಕಿಂತ ಮೊದಲು ಕಟ್ಟಿದ ಮನೆಗಳಿಗೆ ಬದಲಿ ಜಾಗ ಕೊಡುತ್ತೇವೆ, ಆಮೇಲೆ ಕಟ್ಟಿದ್ದಕ್ಕೆ ಇಲ್ಲ ಎಂದು ಒಪ್ಪಂದವಾಗಿತ್ತು. ಮುನಿಯಾಂಡಿಯವರ ಅಪ್ಪ ಮನೆ ಕಟ್ಟಿದ್ದು ಅದಕ್ಕಿಂತ ಎಷ್ಟೋ ಮೊದಲು. ಆದರೆ ಅಂದಿನ ಮ್ಯಾನೇಜರು ಬಾಯಿಮಾತಿನಲ್ಲಿ ಕೊಟ್ಟ ಜಾಗ. ಒಂದು ಚೂರು ಕಾಗದ ಇಲ್ಲ. ಇದ್ದ ಸಾಕ್ಷಿ ಇಷ್ಟೇ: ಗೃಹಪ್ರವೇಶದ ವಾರ ಅಪ್ಪ ನೆಟ್ಟ ಮೂರು ಗಿಡ.

ಇದನ್ನು ನಾನು ಬರೆಯುತ್ತಿರುವುದು ನಿಲಾಯ್ ಪಟ್ಟಣದ ಕಾಲೇಜಿನಲ್ಲಿ ಓದುವ ನಮ್ಮ ಕಡೆಯ ಕೆಲವು ಮಕ್ಕಳಿಗಾಗಿ. ಸುಬಾಂಗ್ ಜಯಾದ ನಮ್ಮ ಮನೆಗೆ ದೋಸೆ ತಿನ್ನಲು ಬಂದಾಗೆಲ್ಲ, "ಆಂಟಿ, ಕಾಡಿನ ರಿಸರ್ಚ್ ಅಂದ್ರೆ ಹೇಗಿರುತ್ತೆ?" ಎಂದು ಕೇಳುತ್ತಾರೆ. ನಾನು ಹೇಳತೊಡಗಿದರೆ ಹಿಟ್ಟು ಹುಳಿ ಬರುವ ತನಕ ಮುಗಿಯುವುದಿಲ್ಲ. ಮಗಳು ಪಕ್ಕದ ಕೋಣೆಯಿಂದಲೇ, "ಅಮ್ಮಾ, ಜಸ್ಟ್ ರೈಟ್ ಇಟ್ ಡೌನ್ ಲಾ" ಎಂದಳು, ಇಲ್ಲಿಯವರ ರೂಢಿಯಂತೆ ಮಾತಿನ ಕೊನೆಗೊಂದು ಲಾ ಸೇರಿಸಿ. ನನ್ನ ಕನ್ನಡ ಕುಂದಾಪುರದ ಅಜ್ಜಿಯ ಮಗ್ಗುಲಲ್ಲಿ ಕೂತು ಕಲಿತದ್ದು, ಶಾಲೆಯದ್ದಲ್ಲ. ಅದರಲ್ಲಿ ವಿಜ್ಞಾನ ಬರೆಯುವುದು ಕಷ್ಟ, ತಪ್ಪು ಒಪ್ಪಿಕೊಳ್ಳುವುದು ಸುಲಭ. ಎರಡನೆಯದಕ್ಕೇ ಕೂತಿದ್ದೇನೆ.

ಮದುವೆಯಾಗಿ ಈ ದೇಶಕ್ಕೆ ಬಂದ ಮೇಲೆ ಕೆಲಸ ಹುಡುಕುತ್ತಾ ಮರಗಳ ಸಂಶೋಧನಾ ಕೇಂದ್ರವೊಂದರ ಸಂದರ್ಶನಕ್ಕೆ ಹೋದೆ. ಎದುರಿಗೆ ಕೂತಿದ್ದವರು ಡಾಕ್ಟರ್ ಲಿಮ್. ಮುಂದೆ ಹದಿನಾಲ್ಕು ವರ್ಷ ನನ್ನ ಮೇಲಧಿಕಾರಿಯಾಗಿದ್ದವರು. ಕೇಳಿದ್ದು ಒಂದೇ ಪ್ರಶ್ನೆ.

"ವರ್ಷಕ್ಕೆ ಮೂರಡಿ ಬೆಳೆಯುವ ಮರ. ಎದೆಮಟ್ಟದಲ್ಲಿ ಒಂದು ಮೊಳೆ ಹೊಡೆದೆ. ಹತ್ತು ವರ್ಷ ಆದಮೇಲೆ ಮೊಳೆ ಎಲ್ಲಿರುತ್ತೆ?"

ನಾನು ಗುಣಿಸಿಬಿಟ್ಟೆ. "ಮೂವತ್ತು ಅಡಿ ಮೇಲೆ ಸರ್."

"ಹಾಗಾದರೆ ನಿಮ್ಮೂರಲ್ಲಿ ಮರಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರೆ, ವರ್ಷ ವರ್ಷ ಏಣಿ ಇಟ್ಟು ಹತ್ತಬೇಕೇನು?"

ಮರ ಎತ್ತರ ಬೆಳೆಯುವುದು ತುದಿಯಲ್ಲಿ. ಕಾಂಡ ದಪ್ಪವಾಗುತ್ತದೆ, ಮೇಲಕ್ಕೆ ಸರಿಯುವುದಿಲ್ಲ. ಮೊಳೆ ಹೊಡೆದಲ್ಲೇ ಇರುತ್ತದೆ, ಮರ ಅದನ್ನು ನಿಧಾನವಾಗಿ ನುಂಗುತ್ತದೆ. ಇಷ್ಟು ತಪ್ಪಿದ ಮೇಲೂ ನನ್ನನ್ನು ಯಾಕೆ ತೆಗೆದುಕೊಂಡಿರಿ ಎಂದು ಎಷ್ಟೋ ವರ್ಷದ ನಂತರ ಕೇಳಿದೆ. "ಉಳಿದವರೆಲ್ಲ ಗೊತ್ತಿಲ್ಲ ಅಂದರು. ನೀವೊಬ್ಬರೇ ಧೈರ್ಯವಾಗಿ ತಪ್ಪು ಹೇಳಿದ್ದು" ಎಂದರು. ಹೊಗಳಿಕೆಯೋ ತೆಗಳಿಕೆಯೋ ಇವತ್ತಿಗೂ ತಿಳಿದಿಲ್ಲ.

ಲಾಬ್‌ಲಾಲಿ ಅಮೆರಿಕದ ಆಗ್ನೇಯ ಭಾಗದ ಮರ. ಮೂರು ಮೂರು ಸೂಜಿ ಎಲೆ ಒಂದೊಂದು ಗೊಂಚಲಲ್ಲಿ, ಮುಟ್ಟಿದರೆ ಚುಚ್ಚುವ ಕಾಯಿ. ನಮ್ಮ ದೇಶದ ಕಾಗದ ನಮ್ಮ ಗುಡ್ಡದಲ್ಲೇ ಬೆಳೆಯಬೇಕು ಎಂಬುದು ಡಾಕ್ಟರ್ ಲಿಮ್ ತರುಣರಾಗಿದ್ದಾಗ ಹಚ್ಚಿಕೊಂಡ ಹುಚ್ಚು. ಗುಡ್ಡದ ಮೇಲೆ, ಇದೇ ಟೀ ತೋಟದ ಪಕ್ಕ, ನರ್ಸರಿ ಮಾಡಿಸಿದ್ದರು. ಕೆಲಸಕ್ಕೆ ಜನ ತೋಟದಿಂದಲೇ ಬರುತ್ತಿದ್ದರು.

ಆ ಬೀಜಕ್ಕೆ ಚಳಿ ಬೇಕು. ನೆನೆಸಿ, ಚೀಲದಲ್ಲಿ ಕಟ್ಟಿ, ವಾರಗಟ್ಟಲೆ ತಣ್ಣಗೆ ಮಲಗಿಸದಿದ್ದರೆ ಸರಿಯಾಗಿ ಏಳುವುದಿಲ್ಲ. ಇಲ್ಲಿ ಚಳಿಗಾಲ ಎಲ್ಲಿಂದ ತರುವುದು? ಕಚೇರಿಯ ಫ್ರಿಜ್ಜೇ ಚಳಿಗಾಲ. ಮೊದಲ ವರ್ಷ ನಾನು ಇಟ್ಟ ಬೀಜದ ಚೀಲವನ್ನು ಹಬ್ಬಕ್ಕೆ ಮುಂಚೆ ಫ್ರಿಜ್ ತೊಳೆಯಲು ಬಂದವರು ಬೂಸ್ಟು ಹಿಡಿದ ಕಾಳೆಂದು ಕಸಕ್ಕೆ ಹಾಕಿದರು. ತಪ್ಪು ಅವರದಲ್ಲ. ನಾನು ಚೀಟಿ ಅಂಟಿಸಿರಲಿಲ್ಲ. ಡಾಕ್ಟರ್ ಲಿಮ್ ಬೈಯಲಿಲ್ಲ. ನನ್ನನ್ನು ನರ್ಸರಿಗೆ ಕರೆದೊಯ್ದು ಒಂದು ಸಸಿ ತೋರಿಸಿದರು. ಬುಡದಲ್ಲಿ ತಾಮ್ರದ ತಂತಿ, ತಂತಿಗೆ ಹೆಬ್ಬೆರಳಗಲದ ಅಲ್ಯೂಮಿನಿಯಂ ತಗಡು, ತಗಡಿನ ಮೇಲೆ ಗುದ್ದಿದ ಅಂಕಿ. ಸಾಲಿನ ತಲೆಗೊಂದು ತಗಡು, ಆ ಅಂಕಿಗೆ ರಿಜಿಸ್ಟರಿನಲ್ಲಿ ಒಂದು ಪುಟ.

"ಮೊದಲಿನಿಂದ ಇಲ್ಲಿ ಒಂದು ಕಾನೂನು" ಎಂದರು. "ಗಿಡ ಸತ್ತರೂ ಪರವಾಗಿಲ್ಲ. ತಗಡು ಬಿಚ್ಚಿದವರಿಗೆ ಮರುದಿನ ಕೆಲಸ ಇಲ್ಲ."

ಮರ ದಪ್ಪವಾದಂತೆ ವರ್ಷಕ್ಕೊಮ್ಮೆ ಆ ತಂತಿ ಸಡಿಲಿಸಬೇಕು. ಮರೆತರೆ ತೊಗಟೆ ಅದರ ಮೇಲೆ ಬೆಳೆದು ಮುಚ್ಚಿಬಿಡುತ್ತದೆ. ಮುಂದೆ ಇಪ್ಪತ್ತೈದು ವರ್ಷ, ತಂತಿ ಸಡಿಲಿಸಿದಿರಾ ಎಂದು ಎಲ್ಲರನ್ನೂ ಪೀಡಿಸಿದವಳು ನಾನೇ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಪಾಕ್ ಸಮದ್ ವಿಷಯ. ಪಾಕ್ ಎಂದರೆ ಹಿರಿಯರನ್ನು ಕರೆಯುವ ಮಾತು. ನನಗಿಂತ ಅವರು ಮೂರೇ ವರ್ಷ ದೊಡ್ಡವರು, ಆದರೆ ಮೊದಲ ದಿನದಿಂದಲೂ ಹಿರಿಯರಂತೇ ಕಂಡರು. ಹೊಸ ಪಾತಿಗೆ ಹಳೆಯ ಪೈನಿನ ಬುಡದ ಮಣ್ಣನ್ನು ಬಿಸ್ಕತ್ತು ಡಬ್ಬದಲ್ಲಿ ತಂದು ಒಂದೊಂದು ಹಿಡಿ ಹಾಕುವುದು ಅವರ ಪದ್ಧತಿ. ನಾನು ಪುಸ್ತಕ ಓದಿ ಬಂದವಳು. ಮಣ್ಣಿನಲ್ಲಿ ರೋಗ ಇರುತ್ತದೆ ಎಂದು ಅಷ್ಟನ್ನೂ ಒಲೆಯಲ್ಲಿಟ್ಟು ಬೇಯಿಸಿದೆ. ಮೂರು ತಿಂಗಳಲ್ಲಿ ಸಸಿಗಳು ಕಾಮಾಲೆ ಹಿಡಿದವರಂತೆ ಹಳದಿಯಾದವು. ಒಂದು ಸಾಲು ಮಾತ್ರ ಕಡುಹಸಿರು.

"ಪಾಕ್ ಸಮದ್, ಇದೇನು?"

"ಅದು ನಾನು ಕದ್ದು ಮಾಡಿದ್ದು ಪುವಾನ್" ಎಂದರು. ಮೇಡಂ ಎನ್ನುವುದಕ್ಕೆ ಇಲ್ಲಿ ಪುವಾನ್. "ನೀವು ಬೇಯಿಸಿದ್ದು ರೋಗಿಗೆ ಕೊಡುವ ಗಂಜಿ. ಇದಕ್ಕೆ ಊಟ ಬೇಕು ಲಾ."

ಪೈನಿನ ಬೇರಿಗೆ ಒಂದು ಜಾತಿಯ ಶಿಲೀಂಧ್ರ ಜೊತೆಯಿರಬೇಕು, ಅದು ಹಳೆಯ ಮರದ ಮಣ್ಣಿನಲ್ಲಿ ಮಾತ್ರ ಸಿಗುತ್ತದೆ. ನಾನು ಅದನ್ನೇ ಬೇಯಿಸಿ ಕೊಂದಿದ್ದೆ. ಪಾಕ್ ಸಮದ್ ಮೂರು ತಿಂಗಳು ಒಂದು ಮಾತೂ ಆಡಿರಲಿಲ್ಲ. ಅವರ ಸ್ವಭಾವವೇ ಹಾಗೆ. ವಾದ ಮಾಡುವವರಲ್ಲ, ತಂದು ಮುಂದಿಡುವವರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಅಜ್ಜಿ ಹೇಳುತ್ತಿದ್ದದ್ದು ಯಾರನ್ನು ಕುರಿತು ಎಂದು ನನಗೆ ಅಲ್ಲಿ ಗೊತ್ತಾಯಿತು.

ನಾಲ್ಕನೆಯ ತಪ್ಪು ಮರದೊಳಗಿನ ಉಂಗುರದ್ದು. ಮರ ಕಡಿಯದೆ ವಯಸ್ಸು ತಿಳಿಯಲು ಟೊಳ್ಳು ತಿರುಪಿನಂಥ ಒಂದು ಕೊರೆಯುವ ಸಾಧನವಿದೆ. ಎರಡೂ ಕೈಯಲ್ಲಿ ತಿರುಗಿಸುತ್ತ ಹೋದರೆ ಕಿರುಗುಟ್ಟುತ್ತ ಒಳಗಿಳಿಯುತ್ತದೆ, ಪೆನ್ಸಿಲ್ಲಿಗಿಂತ ಸಣ್ಣದಾದ ಮರದ ಕಡ್ಡಿಯೊಂದು ಹೊರಬರುತ್ತದೆ. ಕಡ್ಡಿಯ ಮೇಲೆ ಉಂಗುರಗಳು ಗೆರೆಗಳಾಗಿ ಕಾಣುತ್ತವೆ, ಅವನ್ನು ಎಣಿಸಬೇಕು. ನಾನು ಎಣಿಸಿ, "ಹದಿನೇಳು ವರ್ಷ" ಎಂದೆ, ಗಟ್ಟಿಯಾಗಿ.

ಪಾಕ್ ಸಮದ್ ತಲೆ ಕೆರೆದುಕೊಂಡರು. "ಈ ಗಿಡ ನಾನೇ ನೆಟ್ಟದ್ದು ಪುವಾನ್. ದೊಡ್ಡ ಮಗಳು ಹುಟ್ಟಿದ ತಿಂಗಳು. ಅವಳಿಗೀಗ ಹನ್ನೊಂದು. ಅವಳಿಗೆ ಈಗಲೇ ಹದಿನೇಳು ಅಂದರೆ ಮದುವೆಗೆ ಗಂಡು ನೋಡಬೇಕಾಗುತ್ತೆ."

ಈ ಮರದ ತವರಲ್ಲಿ ಚಳಿ ಬಂದರೆ ಬೆಳವಣಿಗೆ ನಿಲ್ಲುತ್ತದೆ, ವಸಂತ ಬಂದರೆ ಮತ್ತೆ ಶುರು. ಹೀಗಾಗಿ ವರ್ಷಕ್ಕೊಂದು ಗೆರೆ. ಇಲ್ಲಿ ನಿಲ್ಲು ಎನ್ನುವವರಿಲ್ಲ. ಮಳೆ ತಪ್ಪಿದರೆ ವರ್ಷದಲ್ಲಿ ಎರಡು ಗೆರೆ, ಮೂರು ಗೆರೆ. ಮಳೆ ಬಿಡದೇ ಹುಯ್ದರೆ ಗೆರೆಯೇ ಇಲ್ಲ. ನಾಲ್ಕು ವರ್ಷ ಕೆಲಸ ಮಾಡಿ ಇದರ ಮೇಲೊಂದು ಪ್ರಬಂಧ ಬರೆದೆ. ಈ ಗುಡ್ಡದ ಪೈನುಗಳ ವಯಸ್ಸನ್ನು ಉಂಗುರದಿಂದ ಹೇಳಲಾಗದು ಎಂಬುದೇ ಅದರ ಸಾರ. ನನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಾಗಿದ್ದು ಆ ಒಂದು ಪ್ರಬಂಧದಿಂದ.

ಉಪಯೋಗದ ಕಥೆಯನ್ನೂ ಹೇಳಿಬಿಡುತ್ತೇನೆ. ಕೊಯ್ದ ಹಲಗೆಗೆ ಇಲ್ಲಿನ ಸೆಖೆಯಲ್ಲಿ ನಾಲ್ಕು ದಿನದಲ್ಲಿ ನೀಲಿ ಬೂಸ್ಟು ಹಿಡಿಯುತ್ತಿತ್ತು. ಟೀ ಪೆಟ್ಟಿಗೆ ಮಾಡಿಸಿದೆವು, ಟೀಗೆ ಅಂಟಿನ ವಾಸನೆ ಬಂತೆಂದು ವಾಪಸು ಕಳಿಸಿದರು. ಕೆಲವು ಮರಗಳು ಕೊಂಬೆಯನ್ನೇ ಬಿಡದೆ ನರಿಬಾಲದಂತೆ ಒಂದೇ ಸಮನೆ ಮೇಲೆ ಹೋಗಿ, ಗಾಳಿಗೆ ಮುರಿದವು. ಅಷ್ಟರಲ್ಲಿ ಕಾಗದಕ್ಕೆ ಅಕೇಶಿಯಾ ಬಂತು, ಪೀಠೋಪಕರಣಕ್ಕೆ ರಬ್ಬರ್ ಮರ ಬಂತು. ಡಾಕ್ಟರ್ ಲಿಮ್ ನಿವೃತ್ತರಾಗುವ ವರ್ಷ ಅಂತಿಮ ವರದಿಗೆ ಸಹಿ ಹಾಕಿದರು. ಕೊನೆಯ ಪದ, ಸೂಕ್ತವಲ್ಲ. ಸಹಿ ಹಾಕಿ, ಪೆನ್ನು ಮುಚ್ಚಿ, "ಇದನ್ನೂ ಯಾರಾದರೂ ಕಂಡುಹಿಡಿಯಬೇಕಿತ್ತಲ್ಲ" ಎಂದರು. ಮುಖ ನೋಡಲಾಗಲಿಲ್ಲ. ಈ ಕೆಲಸಕ್ಕೆ ಬರುವವರು ಇದಕ್ಕೆ ಸಿದ್ಧರಾಗಿ ಬನ್ನಿ. ಮೂವತ್ತು ವರ್ಷ ಒಂದು ಮರದ ಹಿಂದೆ ಹೋಗಿ, ಅದು ಇಲ್ಲಿಯದಲ್ಲ ಎಂದು ತಿಳಿಯುವುದೂ ಈ ಕೆಲಸವೇ. ಈಗ ಕಾಂಡಕ್ಕೆ ಸೆನ್ಸರ್ ಪಟ್ಟಿ ಕಟ್ಟುತ್ತಾರೆ, ಮರ ಒಂದು ಕೂದಲೆಳೆ ಊದಿದರೂ ಫೋನಿನಲ್ಲಿ ಕಾಣುತ್ತದೆ. ನಾವು ಟೇಪು ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತ ಸುತ್ತಿದವರು. ಹಾಗೆ ಸುತ್ತುವಾಗ ಜನ ಏನಾದರೂ ಹೇಳುತ್ತಿದ್ದರು. ಕೇಳಿಸಿಕೊಂಡೆವೋ ಇಲ್ಲವೋ, ಅದು ಬೇರೆ ಮಾತು.

ಮುನಿಯಾಂಡಿ ಹೇಳಿದ್ದರು. ಆ ಬೆಳಿಗ್ಗೆ ಅಧಿಕಾರಿ ಚಹಾ ಕುಡಿಯುತ್ತಿದ್ದಾಗ, ನನ್ನ ಹತ್ತಿರ ಬಂದು, ತಮಿಳಿನಲ್ಲಿ, ಮೆಲ್ಲಗೆ. ನನಗೂ ಅವರಿಗೂ ಮಾತು ತಮಿಳಿನಲ್ಲೇ.

"ಅಪ್ಪ ನಿಮ್ಮ ನರ್ಸರಿಯಲ್ಲೇ ಕೂಲಿ ಮಾಡ್ತಿದ್ದರಮ್ಮ. ಈ ಸಮದ್ ಅಣ್ಣ ಸೇರುವುದಕ್ಕೂ ಮುಂಚೆ. ಅಲ್ಲಿಂದಲೇ ಮೂರು ಗಿಡ ತಂದರು. ಅಪ್ಪ ಗುಂಡಿ ತೆಗೆದಾಗ ಗಿಡ ಹಿಡಿದುಕೊಂಡವನು ನಾನೇ. ಒಂದು ಗಿಡಕ್ಕೆ ತಗಡು ಕಟ್ಟಿತ್ತು. ಈಗ ಇಲ್ಲ, ಎಲ್ಲೋ ಬಿದ್ದುಹೋಗಿದೆ."

ನಾನು ಮರ ಸುತ್ತಿ ನೋಡಿದೆ. ತಗಡು ಕಾಣಲಿಲ್ಲ. "ಬಿದ್ದಿರಬೇಕು" ಎಂದೆ. ನರ್ಸರಿ ಎಷ್ಟೋ ವರ್ಷ ನಡೆದಿತ್ತು, ವರ್ಷಕ್ಕೆ ನಾಲ್ಕಾರು ಸಲ ಬೀಜ ಹಾಕಿದ್ದರು. ಅಂಕಿಯಿಲ್ಲದೆ ಇದು ಯಾವ ವರ್ಷದ ಗಿಡ ಎಂದು ಹೇಳುವ ಹಾಗಿರಲಿಲ್ಲ. ಮುನಿಯಾಂಡಿ ಇನ್ನೇನೋ ಹೇಳುವವರಿದ್ದರು. ಅಧಿಕಾರಿ ಲೋಟ ಇಟ್ಟು ಎದ್ದದ್ದನ್ನು ನೋಡಿ ಸುಮ್ಮನಾದರು.

ವಯಸ್ಸು ಬೇಕಾದರೆ ಆದಷ್ಟು ನೆಲಕ್ಕೆ ಹತ್ತಿರ ಕೊರೆಯಬೇಕು. ಮೊದಲ ಮರದ ಕಡ್ಡಿ ಬಂತು. ಗೆರೆಗಳು ಕಲಸಿಹೋಗಿದ್ದವು, ಅಂದುಕೊಂಡಂತೆಯೇ. ಎರಡನೆಯ ಮರಕ್ಕೆ ಮಂಡಿಯೂರಿ ಕೂತೆ. ತಿರುಪು ಒಂದು ಗೇಣು ಒಳಹೋಗಿತ್ತು, ನಡುವಿನ ತಿರುಳಿಗೆ ಹತ್ತಿರ. ಅಷ್ಟರಲ್ಲಿ ಕರ್ ಎಂದು ಹಲ್ಲು ಕಡಿದ ಸದ್ದು ಬಂದು ಕೈಗೆ ಜುಮ್ಮೆಂದಿತು. ಹೊರತೆಗೆದು ನೋಡಿದರೆ ಸಾಧನದ ಬಾಯಿ ಮುರಿದಿದೆ. ಹೊರದೇಶದಿಂದ ತರಿಸಿದ್ದು, ಅದಕ್ಕೆ ಮಂಜೂರಾತಿ ಸಿಗಲು ಒಂದು ವರ್ಷ ಕಾದಿದ್ದೆ.

"ಮೊಳೆ ಇರಬೇಕು ಪುವಾನ್" ಎಂದರು ಪಾಕ್ ಸಮದ್.

"ಯಾವ ಪುಣ್ಯಾತ್ಮ ಇಷ್ಟು ಕೆಳಗೆ ಮೊಳೆ ಹೊಡೆದ" ಎಂದೆ. ಸಿಟ್ಟು ಬಂದಿತ್ತು.

"ನಾವು ಯಾರೂ ಮೊಳೆ ಹೊಡೆದಿಲ್ಲಮ್ಮ" ಎಂದರು ಮುನಿಯಾಂಡಿ, ತಪ್ಪು ಮಾಡಿದವರ ಹಾಗೆ.

ನಾನು ಮುರಿದ ತುದಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಜೀಪಿನಲ್ಲಿ ಇಳಿದು ಬರುವಾಗ ದಾರಿಯುದ್ದಕ್ಕೂ ಅದರದೇ ಚಿಂತೆ.

ವರದಿಗೆ ಅಧಿಕಾರಿ ಹತ್ತು ದಿನ ಕೊಟ್ಟಿದ್ದರು. ಮಕ್ಕಳು ಈಗ ಕೇಳುತ್ತಾರೆ, ತಿರುಳಿನ ವಯಸ್ಸು ಹೇಳುವ ಇಂಗಾಲದ ಪರೀಕ್ಷೆ ಮಾಡಿಸಬಹುದಿತ್ತಲ್ಲ ಆಂಟಿ ಎಂದು. ಹೌದು. ಹೊರಗಿನ ಲ್ಯಾಬಿಗೆ ಹೋಗಿ ಬರಲು ತಿಂಗಳುಗಳು ಬೇಕು. ಅಷ್ಟು ಸಮಯ ಕೊಡಿ ಎಂದು ಒಂದು ಪತ್ರ ಬರೆಯಬಹುದಿತ್ತು. ಬರೆಯಲಿಲ್ಲ. ನನ್ನ ಪ್ರಬಂಧವನ್ನೇ ಲಗತ್ತಿಸಿ, ವಯಸ್ಸು ನಿರ್ಧರಿಸಲು ಸಾಧ್ಯವಿಲ್ಲ ಎಂದು ಒಂದು ಪುಟ ಬರೆದುಕೊಟ್ಟೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮುನಿಯಾಂಡಿ ಬಸ್ಸು ಹಿಡಿದು ನಮ್ಮ ಕಚೇರಿಗೇ ಬಂದರು. ಇಸ್ತ್ರಿ ಮಾಡಿದ ಅಂಗಿ. ಕುರ್ಚಿ ಕೊಟ್ಟರೂ ಅಂಚಿನಲ್ಲಿ ಕೂತರು.

"ಇಷ್ಟು ದೊಡ್ಡ ಓದು ಓದಿದ್ದೀರಿ ಅಮ್ಮ. ಒಂದು ಮರಕ್ಕೆ ನಲವತ್ತು ದಾಟಿದೆಯೋ ಇಲ್ಲವೋ ಹೇಳಕ್ಕಾಗಲ್ವಾ?"

"ದಾಟಿದೆ. ನೋಡಿದರೆ ನನಗೆ ಗೊತ್ತಾಗುತ್ತೆ."

"ಮತ್ತೆ ಬರೀರಿ."

"ನನಗೆ ಅನ್ನಿಸಿದ್ದನ್ನ ಅವರು ಒಪ್ಪಲ್ಲಣ್ಣ. ಲೆಕ್ಕ ತೋರಿಸು ಅಂತಾರೆ. ಈ ಮರ ಲೆಕ್ಕ ಇಟ್ಟುಕೊಂಡಿಲ್ಲ."

ಅವರು ಗೋಡೆಯ ಮೇಲಿದ್ದ, ಕಾಂಡ ಅಡ್ಡ ಕೊಯ್ದ ಮರದ ಬಿಲ್ಲೆಗಳನ್ನು ನೋಡಿದರು. "ಗೊತ್ತಿರೋದನ್ನ ಬರೆಯಕ್ಕಾಗಲ್ಲ ಅಂದ್ರೆ..." ಎಂದು, ಮುಗಿಸದೆ ಎದ್ದರು. ಬಾಗಿಲಲ್ಲಿ ತಿರುಗಿ, ನಿಮ್ಮ ಆ ಸಾಮಾನು ರಿಪೇರಿ ಆಯ್ತಾ ಎಂದು ಕೇಳಿದರು. ಇಲ್ಲ ಎಂದೆ. "ಪಾಪ" ಎಂದರು.

ಆ ಸಾಲಿನಲ್ಲಿ ಬದಲಿ ಜಾಗ ಸಿಗದ ಮನೆ ಅವರದೊಂದೇ. ಲೆಚ್ಚುಮಿಯಮ್ಮ ಒಲೆಯ ಕಲ್ಲನ್ನೂ ಬಿಡದೆ ಕಟ್ಟಿಕೊಂಡು ಹೋದರಂತೆ. ನಿಲಾಯ್ ಹತ್ತಿರ ಮಗಳ ಫ್ಲಾಟು, ಏಳನೆಯ ಮಹಡಿ.

ಮರ ಕಡಿದದ್ದು ಅದಾದ ಎಂಟು ತಿಂಗಳಿಗೆ. ನಮ್ಮ ಮರದ ಸಂಗ್ರಹಕ್ಕೆ ಬುಡದ ಬಿಲ್ಲೆಗಳಿರಲಿ ಎಂದು ಪಾಕ್ ಸಮದ್‌ರನ್ನು ಕಳಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ವಾಪಸು ಬಂದರು. ನಾನು ಕೆಳಗಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ ಊಟದಂಗಡಿಯಿಂದ ಕಟ್ಟಿಸಿ ತಂದಿದ್ದ ಅನ್ನದ ಪೊಟ್ಟಣ ಬಿಚ್ಚುತ್ತಿದ್ದೆ. ಅವರು ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ, ಒಂದು ಬಿಲ್ಲೆಯನ್ನು ಮೇಜಿನ ಮೇಲಿಟ್ಟರು.

ತಿರುಳಿನ ಸುತ್ತ ತಾಮ್ರದ ತಂತಿ, ಮರವನ್ನೆಲ್ಲ ಹಸಿರು ಮಾಡಿಕೊಂಡು. ಅದಕ್ಕಂಟಿ ಮಡಚಿಹೋದ ತಗಡು. ತಗಡಿನ ಅಂಚಿನಲ್ಲಿ ಹೊಳೆಯುವ ಹೊಸ ಗಾಯ, ನನ್ನ ತಿರುಪಿನದು. ತಗಡು ಬಿಚ್ಚಿದರೆ ಕೆಲಸ ಹೋಗುತ್ತದೆ ಎಂದು ಹೆದರಿದ ಆ ಕೂಲಿಯಾಳು, ಮುನಿಯಾಂಡಿಯವರ ಅಪ್ಪ, ತನ್ನ ಮನೆಯ ಅಂಗಳದಲ್ಲೂ ಬಿಚ್ಚಿರಲಿಲ್ಲ. ವರ್ಷಕ್ಕೊಮ್ಮೆ ಸಡಿಲಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ತಂತಿ ಕಟ್ಟಿದ ಎತ್ತರದಲ್ಲೇ ಇತ್ತು, ನಾನು ಮಂಡಿಯೂರಿದ ಎತ್ತರದಲ್ಲೇ. ಮುನಿಯಾಂಡಿ ತಗಡಿತ್ತು ಎಂದಿದ್ದರು, ತಿರುಪು ತಗಡಿದೆ ಎಂದಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದರು ಎನ್ನುತ್ತಾರಲ್ಲ, ನಾನು ಅಲೆಯಲೂ ಇಲ್ಲ.

ಹಳೆಯ ರಿಜಿಸ್ಟರು ಉಗ್ರಾಣದಲ್ಲಿತ್ತು. ತಗಡಿನ ಮೇಲಿದ್ದ ಅಂಕಿಯ ಎದುರಿಗೆ ಡಾಕ್ಟರ್ ಲಿಮ್ ಅವರ ಅಕ್ಷರ. ಬೀಜ ಹಾಕಿದ್ದು, ತೋಟ ಹಿಂದೆ ಕೈ ಬದಲಿಸಿದ್ದಕ್ಕಿಂತ ಐದು ವರ್ಷ ಮೊದಲು. ಕೊನೆಯ ಕಾಲಮಿನಲ್ಲಿ, ಹೆಚ್ಚಾದ ಸಸಿ, ಬಿಸಾಡಲು ಎಂದಿತ್ತು.

ಅಂದೇ ಅಧಿಕಾರಿಗೆ ಪತ್ರ ಬರೆದೆ, ಫೋನೂ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಕಡತ ಮುಗಿದಿದೆ ಡಾಕ್ಟರ್, ಬದಲಿ ಜಾಗಗಳೆಲ್ಲ ಹಂಚಿಹೋಗಿವೆ ಎಂದರು. ಇನ್ನೂ ಎರಡು ಸಲ ಬರೆದೆ. ಎರಡು ಸಲವೂ ಅದೇ ಉತ್ತರ.

ನಿವೃತ್ತಿಯಾದ ತಿಂಗಳು, ಪಾಕ್ ಸಮದ್‌ರನ್ನು ಕರೆದುಕೊಂಡು ನಿಲಾಯ್‌ಗೆ ಹೋದೆ. ಲಿಫ್ಟು ಕೆಟ್ಟಿತ್ತು, ಏಳು ಮಹಡಿ ಹತ್ತಿದೆವು. ತಗಡು ಮತ್ತು ತಂತಿಯನ್ನು ಬಿಲ್ಲೆಯಿಂದ ಬಿಡಿಸಿ ತಂದಿದ್ದೆ. ಮುನಿಯಾಂಡಿಯವರ ಕೈಗೆ ಕೊಟ್ಟು, ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ತಗಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಆ ಪುಸ್ತಕದಲ್ಲಿ ಅಪ್ಪ ಗಿಡ ಕದ್ದರು ಅಂತ ಬರೆದಿದೆಯಾ ಅಮ್ಮ?"

"ಇಲ್ಲ. ಬಿಸಾಡಲು ಅಂತ ಬರೆದಿದೆ."

"ಅವತ್ತು ಅದನ್ನೇ ಕೇಳಬೇಕು ಅಂತಿದ್ದೆ. ಆಫೀಸರ್ ಇದ್ದರಲ್ಲ" ಎಂದರು. ಒಳಗೆ ತಿರುಗಿ, "ಲೆಚ್ಚುಮಿ, ಕೇಳಿದ್ಯಾ, ಬಿಸಾಡಿದ್ದನ್ನೇ ತಂದಿದ್ದಂತೆ" ಎಂದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಬಾಲ್ಕನಿಯಲ್ಲಿ ಬಣ್ಣದ ಡಬ್ಬದಲ್ಲೊಂದು ಕರಿಬೇವಿನ ಗಿಡವಿತ್ತು. ಅವರು ಕೂತು, ತಂತಿಯ ಮುರಿಯದ ತುಂಡನ್ನು ಅದರ ಬುಡಕ್ಕೆ ಸುತ್ತಿ ತಗಡು ಕಟ್ಟಿದರು. ಒಂದು ಬೆರಳು ಒಳಗಿಟ್ಟು ನೋಡಿದರು.

"ಸಡಿಲವಾಗೇ ಕಟ್ಟಿದ್ದೀನಿ ಅಮ್ಮ" ಎಂದರು.